ಎರಡು ಬಕೆಟ್ ನೀರಿನ ಅಪರಾಧ

ನಗರದ ನೀರು ಸರಬರಾಜು ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಮನೆಯ ಕಾರು ತೊಳೆಯುವ ಯಂತ್ರ ತಮ್ಮ ಕಚೇರಿಯ ಕಾರಿಡಾರಿನಲ್ಲಿ, ಕಾಲು ಮುರಿದ ಕುರ್ಚಿಗಳ ಪಕ್ಕದಲ್ಲಿ ಕೂತಿದೆ. ಅದನ್ನು ವಾಪಸ್ ಕೊಡಿ. ಪತ್ರದ ಸಾರಾಂಶ ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಯಂತ್ರವನ್ನು ಕಳುಹಿಸಿಕೊಡಬಹುದು, ನನಗೇನೂ ಬೇಸರವಿಲ್ಲ. ಪುರುಸೊತ್ತಿದ್ದರೆ ಮುಂದೆ ಓದಿ. ಪುರುಸೊತ್ತಿದ್ದೂ ಓದದೆ ಕೆಳಗಿನವರಿಗೆ ದಾಟಿಸುವುದು ತಮ್ಮ ಕಚೇರಿಯ ರೂಢಿ ಎಂದು ನನಗೆ ಗೊತ್ತು. ಅದಕ್ಕಾಗಿಯೇ ಈ ಸಲ ಪತ್ರಿಕೆಯಲ್ಲಿ, ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಗೊತ್ತು ಎಂದು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ತಮ್ಮ ಕಚೇರಿಯ ಗೇಟಿನ ಎದುರು, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಬಳಿ ಒಂದು ಮೇಜು ಹಾಕಿಕೊಂಡು ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿಕೊಡುವವಳು ನಾನು. ನಲ್ಲಿಯಲ್ಲಿ ಬರೀ ಗಾಳಿ ಬರುತ್ತದೆ ಎಂದು ಅಳುತ್ತಾ ಬಂದವರ ಅಳುವನ್ನು 'ಸದರಿ ವಿಷಯವನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ' ಎಂದು ಇಸ್ತ್ರಿ ಮಾಡಿ ಕೊಡುವುದು ನನ್ನ ಕಸುಬು. 'ಪರಿಶೀಲನೆಯಲ್ಲಿದೆ' ಎಂಬ ಮಾತಿನ ಅರ್ಥ ಏನು, 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದರೆ ಎಷ್ಟು ದಿನ ಸುಮ್ಮನಿರಬೇಕು, ಎಲ್ಲವೂ ನನಗೆ ಬಾಯಿಪಾಠ. ಇಂಥವಳೇ ತನ್ನ ಮನೆಯ ವಿಷಯಕ್ಕೆ ಅರ್ಜಿ ಬರೆದಾಗ, ನಾಲ್ಕು ಮೇಜುಗಳ ಮಧ್ಯೆ ಬುಗುರಿಯಂತೆ ತಿರುಗಿ ಬಂದಳು. ಸಿಟ್ಟು ಬರಲಿಲ್ಲ ಮಾನ್ಯರೇ. ಸುಸ್ತಾಯಿತು. ಸಿಟ್ಟಾಗಿದ್ದರೆ ಈ ಪತ್ರ ಚಿಕ್ಕದಾಗಿರುತ್ತಿತ್ತು.

ತಮ್ಮ ಆದೇಶವನ್ನು ನಾನು ಓದಿದ್ದೇನೆ. ನೀರಿನ ಅಭಾವವಿರುವ ಕಾರಣ, ಒತ್ತಡದ ಯಂತ್ರಗಳನ್ನು ಬಳಸಿ ಮನೆಗಳಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಲಾಗಿದೆ, ಮೀರಿದರೆ ಯಂತ್ರವನ್ನು ವಶಪಡಿಸಿಕೊಳ್ಳಲಾಗುವುದು. ಅಭಾವ ಇರುವುದು ನಿಜ. ನಮ್ಮ ಮನೆಯಲ್ಲೂ ನಲ್ಲಿ ಸಣ್ಣಗೆ ಕೆಮ್ಮಿ ನಿಂತುಬಿಡುತ್ತದೆ. ನೀರು ಉಳಿಸಬೇಕು ಎಂಬುದರಲ್ಲಿ ತಮಗೂ ನನಗೂ ಜಗಳವಿಲ್ಲ. ಆದರೆ ಆ ಆದೇಶದಲ್ಲಿ ಪೈಪಿನ ಮಾತೇ ಇಲ್ಲ. ನಲ್ಲಿಗೆ ಪೈಪು ಸಿಕ್ಕಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಕಾರಿಗೂ ರಸ್ತೆಗೂ ಎದುರು ಮನೆಯ ಬೆಕ್ಕಿಗೂ ಸ್ನಾನ ಮಾಡಿಸುವುದು ಈ ಊರಿನಲ್ಲಿ ಇಂದಿಗೂ ಕಾನೂನುಬದ್ಧ. ಎರಡು ಬಕೆಟ್ ನೀರಿನಲ್ಲಿ ಅದೇ ಕೆಲಸ ಮುಗಿಸಿದರೆ ಅಪರಾಧ. ಈ ನ್ಯಾಯವನ್ನು ಯಾರು ತೂಗಿ ನೋಡಿದರು? ತೂಗಿದ ತಕ್ಕಡಿ ಯಾವುದು?

ತಮ್ಮ ಇನ್‌ಸ್ಪೆಕ್ಟರ್ ನನಗೆ ಹೇಳಿದ ಕಾರಣ ಇದು: "ನೋಡಿ ಮೇಡಂ, ಅಷ್ಟು ಜೋರಾಗಿ ಬರತ್ತಲ್ಲ, ಅಂದ್ರೆ ಅಷ್ಟು ಜಾಸ್ತಿ ನೀರು ಅಂತಾನೇ ಅರ್ಥ." ಜೋರು ಎಂದರೆ ಜಾಸ್ತಿ! ಮಾನ್ಯರೇ, ಒಂದು ಕ್ಷಣ ತಮ್ಮ ಕುರ್ಚಿಯಲ್ಲೇ ಕೂತು ಬಾಯಿ ಅಗಲಿಸಿ ಅಂಗೈ ಮೇಲೆ ಉಸಿರು ಬಿಡಿ. ಬೆಚ್ಚಗೆ ಹರಡಿ ಹೋಗುತ್ತದೆ. ಈಗ ತುಟಿ ಚೂಪು ಮಾಡಿ ಊದಿ. ಮೇಜಿನ ಮೇಲಿನ ಕಾಗದ ಹಾರುತ್ತದೆ, ಮೇಣದಬತ್ತಿ ಇದ್ದರೆ ಆರುತ್ತದೆ. ಉಸಿರು ಹೆಚ್ಚಾದದ್ದಕ್ಕಲ್ಲ, ದಾರಿ ಕಿರಿದಾದದ್ದಕ್ಕೆ. ಈ ಯಂತ್ರ ಮಾಡುವುದೂ ಅಷ್ಟೇ. ಸ್ವಲ್ಪ ನೀರನ್ನು ಸಣ್ಣ ತೂತಿನಿಂದ ನೂಕುತ್ತದೆ. ಟ್ರಿಗರ್ ಬಿಟ್ಟ ಕೂಡಲೇ ಮೋಟಾರೂ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ಪೈಪಿಗೆ ಆ ಬುದ್ಧಿ ಇಲ್ಲ. ಅದನ್ನು ನೆಲಕ್ಕೆ ಹಾಕಿ ಫೋನಿಗೆ ಉತ್ತರಿಸಲು ಹೋದರೆ, ಬರುವ ತನಕ ಅದು ಹರಿಯುತ್ತಲೇ ಇರುತ್ತದೆ.

ಇನ್ನು ನಮ್ಮ ಮನೆಗೆ ಈ ಯಂತ್ರ ಏಕೆ ಬಂತು ಎನ್ನುವುದು. ಶೋಕಿಗೆ ಎಂದು ತಮ್ಮ ಎರಡನೇ ಮೇಜಿನವರು ನಗುತ್ತಾ ಹೇಳಿದರು. ಕೇಳಿ.

ನನ್ನ ಮಾವ ಡ್ರೈವಿಂಗ್ ಕಲಿಸುವ ಮೇಷ್ಟ್ರಾಗಿದ್ದರು. ನಮ್ಮ ಕಡೆ ಅವರಿಗೆ 'ಬ್ರೇಕ್ ಮೇಷ್ಟ್ರು' ಎಂದೇ ಹೆಸರು. ಅವರ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮಾವನ ಕಾಲ ಬಳಿ ಇನ್ನೊಂದು. ಬೀದಿಯ ಅರ್ಧ ಜನ ಆ ಎರಡನೇ ಬ್ರೇಕಿನ ಕೃಪೆಯಿಂದ ಬದುಕಿ ಉಳಿದವರು. ನಾನೂ ಅವರಲ್ಲಿ ಒಬ್ಬಳು. ಮದುವೆಯಾಗಿ ಬಂದ ಹೊಸತರಲ್ಲಿ ಅವರೇ ನನಗೆ ಕಲಿಸಿದ್ದು, ಸೊಸೆ ಎಂದು ಬೈಗುಳದಲ್ಲಿ ಒಂದು ಗುಲಗಂಜಿಯಷ್ಟೂ ರಿಯಾಯಿತಿ ಕೊಡದೆ. ಆ ಕಾರನ್ನು ಅವರು ಪ್ರತಿದಿನ ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ತಾವೇ ತೊಳೆಯುತ್ತಿದ್ದರು. "ಕೊಳಕು ಗಾಜಲ್ಲಿ ಕಲಿತವನು ಕೊನೇವರೆಗೂ ಕಣ್ಣು ಕಿರಿದು ಮಾಡ್ಕೊಂಡೇ ಓಡಿಸ್ತಾನೆ" ಎನ್ನುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನನ್ನ ಗಂಡ ಒಮ್ಮೆ ಉಪಕಾರ ಮಾಡಲು ಹೋಗಿ ಪಾತ್ರೆ ಉಜ್ಜುವ ನಾರಿನಿಂದ ಬಾನೆಟ್ ತಿಕ್ಕಿಬಿಟ್ಟರು. ಅಪ್ಪ ಮಗ ಅದಾದ ಮೇಲೆ ಬಹಳ ದಿನ ಅತ್ತೆಯ ಮೂಲಕವೇ ಮಾತಾಡಿಕೊಂಡರು.

ಅಂಥ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಕಾಲು ಹೇಗೋ ಎಳೆದುಕೊಂಡು ನಡೆಯುವಷ್ಟು ಬಂತು. ಕೈ ಬರಲಿಲ್ಲ. ಮಾತು ಗಂಟಲ ತನಕ ಬಂದು ಅಲ್ಲಿಯೇ ಕೂತುಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಚಿತ್ರಗಳನ್ನು ತೋರಿಸಿ 'ಇದೇನು ಹೇಳಿ, ಇದೇನು ಹೇಳಿ' ಎಂದು ಪ್ರೀತಿಯಿಂದಲೇ ಕೇಳುತ್ತಿದ್ದಳು. ಮಾವ ಗೋಡೆ ಕಡೆಗೆ ತಿರುಗಿಕೊಳ್ಳುತ್ತಿದ್ದರು. ಜೀವನವಿಡೀ ಬೇರೆಯವರಿಗೆ ಕಲಿಸಿದ ಮನುಷ್ಯನಿಗೆ ಸೇಬಿನ ಚಿತ್ರ ತೋರಿಸಿ ಇದೇನು ಎಂದರೆ ಏನು ಮಾಡಬೇಕು?

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅವರು ಯಾರಿಗೂ ಹೇಳದೆ ಹೊರಗೆ ಹೋಗಿ ಕಾರು ತೊಳೆಯಲು ನಿಂತರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬಟ್ಟೆಯನ್ನು ಎಡಗೈಯಲ್ಲಿ ಅದ್ದಿದರು. ಹಿಂಡಬೇಕಲ್ಲ, ಹಿಂಡಲು ಎರಡು ಕೈ ಬೇಕು. ನಲ್ಲಿಯ ಕತ್ತಿಗೆ ಬಟ್ಟೆ ಸುತ್ತಿ ತಿರುಚಿ ನೋಡಿದರು. ಹಲ್ಲಿನಲ್ಲಿ ಕಚ್ಚಿ ತಿರುಚಿ ನೋಡಿದರು. ನೀರು ಅಂಗಿಯ ಮೇಲೆಲ್ಲ ಸುರಿಯಿತು. ಕೊನೆಗೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ಅಲ್ಲಿಯೇ ಬಿಟ್ಟು, ಒಳಗೆ ಬಂದು ಮಲಗಿದರು. ಅದರ ನಂತರ ಬಾಗಿಲು ದಾಟಲಿಲ್ಲ. ಕಾರಿನ ಮೇಲೆ ಧೂಳು ಕೂರುತ್ತಾ ಹೋಯಿತು. ಯಾರನ್ನಾದರೂ ತೊಳೆಯಲು ಕರೆಸೋಣವೆಂದರೆ ಕೈಯಾಡಿಸಿಯೇ ಬೇಡವೆಂದು ತೋರಿಸಿದರು. ಬಟ್ಟೆ ಹಿಂಡಲಾಗದೆ ಒಬ್ಬ ಮನುಷ್ಯ ಮುದುಡಿ ಹೋಗುವುದನ್ನು ನೋಡುವುದು ಕಷ್ಟ ಮಾನ್ಯರೇ, ಬಹಳ ಕಷ್ಟ.

ಆಗ ನನಗೆ ಹೊಳೆದದ್ದು ಬಟ್ಟೆಯೇ ಬೇಡದ ದಾರಿ. ಅಂಗಡಿಗೆ ಹೋದೆ. ಮಾರುವವನು ಮೊದಲು ಪೆಟ್ರೋಲಿನಲ್ಲಿ ಓಡುವ ದೊಡ್ಡ ದೈತ್ಯನನ್ನು ತೋರಿಸಿದ. "ಇದು ತಗೊಳ್ಳಿ ಮೇಡಂ, ಗೋಡೆ ಬಣ್ಣಾನೇ ಕಿತ್ತು ಬರತ್ತೆ!"

"ನಮಗೆ ಬಣ್ಣ ಇದ್ದಲ್ಲೇ ಇರಬೇಕಪ್ಪ" ಎಂದೆ.

ಮನೆಯ ಕಾರಿಗೆ ಅಷ್ಟು ಪೌರುಷ ಬೇಕಿಲ್ಲ. ಕರೆಂಟಿನ ಸಣ್ಣ ಯಂತ್ರ ಸಾಕು. ಒಂದೇ ಕೈಯಲ್ಲಿ ಎಳೆಯಲು ಚಕ್ರ ಇರಬೇಕು, ಕಾರಿನ ಸುತ್ತ ಬರುವಷ್ಟು ಉದ್ದ ಪೈಪಿರಬೇಕು. ಎಲ್ಲಕ್ಕಿಂತ ಮುಖ್ಯ, ನಲ್ಲಿಯನ್ನು ನಂಬದೆ ಬಕೆಟ್ಟಿನಿಂದಲೇ ನೀರು ಹೀರಿಕೊಳ್ಳಬೇಕು, ಏಕೆಂದರೆ ನಲ್ಲಿ ತಮ್ಮ ಇಲಾಖೆಯದು. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇದ್ದ ಯಂತ್ರಗಳ ನೀರು ಚಿಮ್ಮಿಸುವ ಗನ್ನುಗಳನ್ನೆಲ್ಲ ಎಡಗೈಯಲ್ಲಿ ಎತ್ತಿ, ಒತ್ತಿ, ಇಟ್ಟು ನೋಡಿದೆ. ಕೆಲವದರ ಟ್ರಿಗರ್ ಬಿಗಿ, ಕೆಲವದರ ತೂಕ ಮುಂದಕ್ಕೆ ವಾಲುತ್ತದೆ. ಅಂಗಡಿಯವನು "ಕೈಗೆ ಏನಾಗಿದೆ ಮೇಡಂ?" ಎಂದ. "ನನಗಲ್ಲ" ಎಂದೆ. ಅವನಿಗೆ ಅರ್ಥವಾಯಿತೋ ಏನೋ, ಮೂಲೆಯಿಂದ ಒಂದು ಹಳದಿ ಬಣ್ಣದ ಚಿಕ್ಕ ಯಂತ್ರ ತಂದು ಮುಂದೆ ಇಟ್ಟ. ಅದರ ಗನ್ನು ಮಗುವಿನ ಕೈ ಹಿಡಿದಷ್ಟು ಹಗುರ. ಅದನ್ನೇ ತಂದೆ.

ಮನೆಯಲ್ಲಿ ಮಾವ ಮಂಚ ಬಿಟ್ಟು ಏಳಲಿಲ್ಲ. ಸರಿ, ನಾನೇ ಶುರು ಮಾಡುತ್ತೇನೆ ಎಂದು ಬಾಗಿಲು ತೆರೆದಿಟ್ಟು ಅವರಿಗೆ ಕಾಣುವ ಹಾಗೆ ನಿಂತೆ. ಯಂತ್ರದ ಜೊತೆ ನಾಲ್ಕೈದು ಬಗೆಯ ಮೂತಿಗಳು ಬಂದಿದ್ದವು. ಅಗಲವಾಗಿ ಬೀಸಣಿಗೆಯಂತೆ ಚೆಲ್ಲುವುದು ಕಾರಿಗೆ, ದಾರದಂತೆ ನೇರ ಹೋಗುವುದು ಕಲ್ಲಿನ ಪಾಚಿಗೆ ಎಂದು ನನಗೇನು ಗೊತ್ತು? ಕೆಂಪು ಬಣ್ಣ ಚೆನ್ನಾಗಿದೆ ಎಂದು ಅದನ್ನೇ ಸಿಕ್ಕಿಸಿದೆ. ಅದು ದಾರದಂತೆ ಹೋಗುವುದು. ಕಾರಿನ ಬಾಗಿಲಿನ ಮೇಲೆ ಮಾವನ ಡ್ರೈವಿಂಗ್ ಶಾಲೆಯ ಹೆಸರು ಸ್ಟಿಕ್ಕರಿನ ದಪ್ಪ ಅಕ್ಷರಗಳಲ್ಲಿತ್ತು. ಅದರ ಮೇಲಿನ ಕೆಸರು ಹೋಗಲೆಂದು ಗೇಣು ದೂರದಲ್ಲಿ ಹಿಡಿದು ಒತ್ತಿದೆ. ಕೆಸರೂ ಹೋಯಿತು, ಒಂದು ಅಕ್ಷರದ ಅರ್ಧವೂ ಹಾರಿಹೋಗಿ ಗೋಡೆಗೆ ಅಂಟಿಕೊಂಡಿತು.

"ಹಿಂದಕ್ಕೆ!"

ಬೀದಿಗೆಲ್ಲ ಕೇಳುವ ಹಾಗೆ. ನನ್ನ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿತು. ತಿರುಗಿ ನೋಡಿದರೆ ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ, ಮುಖ ಕೆಂಪಾಗಿದೆ. ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರಾ ಮಾತು ಅದು. ಒಳಗಿನಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಯಾರು ಮಾತಾಡಿದ್ದು? ಇವರಾ? ಬೈದ್ರಾ? ಯಾರನ್ನ ಬೈದ್ರು?" ಎಂದು ಕೇಳಿದರು. ನನ್ನನ್ನು ಎಂದೆ. "ಸದ್ಯ!" ಎಂದು ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಅತ್ತರು. ನಾನೂ ಅತ್ತುಬಿಟ್ಟೆ ಮಾನ್ಯರೇ, ಗನ್ನನ್ನು ಕೈಯಲ್ಲಿ ಹಿಡಿದುಕೊಂಡೇ.

ಆಮೇಲೆ ಗನ್ನು ಅವರ ಕೈಗೆ ಹೋಯಿತು, ನಮಗೆ ವಾಪಸ್ ಬರಲಿಲ್ಲ. ಭಾನುವಾರದ ಬೆಳಿಗ್ಗೆ ಒಂದು ಸ್ಟೂಲು, ಎರಡು ಬಕೆಟ್ ನೀರು, ಎಡಗೈ. ಮೊದಲು ಒಣ ಮಣ್ಣು ಸಡಿಲವಾಗುವ ಹಾಗೆ ಒಂದು ಸುತ್ತು. ಮತ್ತೆ ಬಾಟಲಿಯಿಂದ ನೊರೆ, ಕೆಳಗಿನಿಂದ ಮೇಲಕ್ಕೆ. ನೊರೆ ಇಳಿಯುವ ತನಕ ಕಾಯುವುದು, ಆದರೆ ಒಣಗಲು ಬಿಡಬಾರದು, ಅದಕ್ಕಾಗಿ ನೆರಳಲ್ಲೇ ನಿಲ್ಲಿಸುವುದು. ನಂತರ ಅಗಲ ಮೂತಿಯಿಂದ, ಮೊಳಕೈ ಉದ್ದದಷ್ಟು ಹಿಂದೆ ನಿಂತು, ಮೇಲಿನಿಂದ ಕೆಳಕ್ಕೆ. ಟೈರಿನ ಪಕ್ಕೆಗೆ ಹತ್ತಿರ ಹಿಡಿಯಬಾರದು, ಬಾನೆಟ್ಟಿನ ಒಳಗೆ ಬಿಡಲೇಬಾರದು. ಒರೆಸುವುದು ಅತ್ತೆಯ ಪಾಲು. ಮಾತು ಬಂದದ್ದೂ ಅದೇ ಕ್ರಮದಲ್ಲಿ. ಮೊದಲು 'ಹಿಂದಕ್ಕೆ', 'ಮೇಲೆ', 'ಸಾಕು'. ಮತ್ತೆ 'ಬಾಗಿಲು', 'ಚಕ್ರ', 'ಕನ್ನಡಿ'. ಬರಬರುತ್ತಾ, "ಅಲ್ಲಿ ಬಿಟ್ಟಿದೀಯ ನೋಡೇ, ಕಣ್ಣು ಎಲ್ಲಿಟ್ಟಿದೀಯ?" ಎಂದು ಅತ್ತೆಗೆ ಪೂರಾ ವಾಕ್ಯ. ಅತ್ತೆ ಬೇಕೆಂದೇ ಒಂದು ಮೂಲೆ ಒರೆಸದೆ ಬಿಡುತ್ತಿದ್ದರು. ಮಾತು ಕಲಿಸುವ ಹುಡುಗಿ ಒಂದು ದಿನ ನೋಡಲು ಬಂದು, ಸೇಬಿನ ಚಿತ್ರವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಇಂಥದೊಂದು ಭಾನುವಾರವೇ ತಮ್ಮ ಇನ್‌ಸ್ಪೆಕ್ಟರ್ ಬಂದದ್ದು. ಎದುರು ಮನೆಯವರು ಪೈಪು ಹಿಡಿದು ತಮ್ಮ ಕಾರಿಗೂ ರಸ್ತೆಗೂ ಧಾರಾಳವಾಗಿ ನೀರು ಬಿಡುತ್ತಿದ್ದರು. ಪೈಪು ಸದ್ದು ಮಾಡುವುದಿಲ್ಲ. ನಮ್ಮ ಯಂತ್ರ 'ಗುರ್' ಎನ್ನುತ್ತದೆ. ಸದ್ದು ಹಿಡಿದುಕೊಂಡು ಬಂದವರು ಎದುರು ಮನೆಯ ನೀರನ್ನು ದಾಟಿ, ಬೂಟು ನೆನೆಯದ ಹಾಗೆ ಪ್ಯಾಂಟು ಎತ್ತಿ ಹಿಡಿದುಕೊಂಡು ನಮ್ಮ ಗೇಟಿನೊಳಗೆ ಬಂದರು.

"ಆಫ್ ಮಾಡಿ ಅಜ್ಜ, ಇದು ನಿಷೇಧ ಆಗಿದೆ."

ಮಾವನಿಗೆ ಆತುರದಲ್ಲಿ ಮಾತು ಹೊರಡುವುದಿಲ್ಲ. ನಿಧಾನವಾಗಿ ಕೇಳಿದರೆ ನಿಧಾನವಾಗಿ ಹೇಳುತ್ತಾರೆ. ಅವರು ಎಡಗೈಯಲ್ಲಿ ನೀರಿನ ಕಡೆ ತೋರಿಸಿ, "ಬಕೆಟ್... ಎರಡು... ಬಕೆಟ್" ಎಂದರು.

"ಬಕೆಟ್ಟಲ್ಲೇ ತೊಳ್ಕೊಳ್ಳಿ ಅಜ್ಜ, ಯಾರು ಬೇಡ ಅಂದ್ರು? ಬಟ್ಟೆ ಅದ್ದಿ, ಹಿಂಡಿ, ಒರೆಸಿ. ನಮ್ಮಪ್ಪ ಹಾಗೇ ಮಾಡ್ತಿದ್ರು."

ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಪ್ಲಗ್ ಕಿತ್ತಾಗಿತ್ತು. ಎಷ್ಟು ಹೇಳಿದರೂ 'ಆದೇಶ ಮೇಡಂ, ಮೇಲಿನವರದ್ದು' ಎಂಬ ಮಾತೊಂದೇ. ಇಲಾಖೆಯ ಜೀಪಿನ ಚಾಲಕ ಮಾವನ ಬಳಿಯೇ ಕಲಿತವನು. ಅವನು ತಲೆ ಎತ್ತಲಿಲ್ಲ. ಪೈಪಿನೊಳಗೆ ಉಳಿದ ನೀರನ್ನು ಬಸಿದು, ಸುರುಳಿ ಸುತ್ತಿ, ಯಂತ್ರವನ್ನು ಹಿಂದಿನ ಸೀಟಿನ ಮೇಲೆ ಇಟ್ಟ. "ಮೇಷ್ಟ್ರೇ, ತಪ್ಪು ತಿಳೀಬೇಡಿ" ಎಂದ. ಅರ್ಧ ಕಾರಿನ ಮೇಲೆ ನೊರೆ ಹಾಗೆಯೇ ಇತ್ತು. ಬಿಸಿಲು ಬಂದು ಅದು ಬಿಳಿ ಬಿಳಿಯಾಗಿ ಒಣಗಿತು. ಇವತ್ತಿಗೂ ಹಾಗೆಯೇ ಇದೆ.

ಅವತ್ತಿನಿಂದ ಮಾವ ಮತ್ತೆ ಬಾಗಿಲು ದಾಟಿಲ್ಲ. ಅತ್ತೆ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದರು. ಬೈಯಲಿಲ್ಲ, ಸುಮ್ಮನೆ ಉಂಡರು. 'ಹೂಂ' ಮತ್ತು 'ಬೇಡ', ಈಗ ಅವರ ಬಳಿ ಉಳಿದಿರುವುದು ಇವೆರಡೇ. ಮೊನ್ನೆ ನಾನು ಮಾತ್ರೆ ಕೊಡಲು ಹೋದಾಗ ಮೂರನೆಯದೊಂದು ಹೇಳಿದರು. ಬಹಳ ಹೊತ್ತು ತೆಗೆದುಕೊಂಡು, ಒಂದೊಂದೇ ಅಕ್ಷರ ಹೊರಗೆ ನೂಕಿ, "ಕಾರು ಮಾರಿಬಿಡಮ್ಮ" ಎಂದರು.

ಮಾನ್ಯರೇ, ನಾನು ಪ್ರತಿದಿನ ಬೇರೆಯವರ ಅರ್ಜಿ ಹಿಡಿದು ತಮ್ಮ ಕಾರಿಡಾರಿಗೆ ಬರುತ್ತೇನೆ. ನಮ್ಮ ಯಂತ್ರವನ್ನು ಪ್ರತಿದಿನ ನೋಡುತ್ತೇನೆ. ಅದರ ಹಿಡಿಯ ಮೇಲೆ ಯಾರೋ ಕೊಡೆ ನೇತುಹಾಕಿದ್ದಾರೆ. ಕಿಟಕಿಯ ಬಿಸಿಲು ನೇರ ಪೈಪಿನ ಮೇಲೆ ಬೀಳುತ್ತದೆ, ಹೀಗೇ ಬಿಟ್ಟರೆ ಅದು ಬಿರಿಯುತ್ತದೆ. ಒಮ್ಮೆ ನಾನೇ ನೆರಳಿಗೆ ಸರಿಸಲು ಹೋದರೆ, ಜವಾನರು "ವಶಪಡಿಸಿಕೊಂಡ ವಸ್ತು ಮೇಡಂ, ಮುಟ್ಟಬಾರದು" ಎಂದರು. ಅದೇ ಹೊತ್ತಿಗೆ ಹೊರಗಿನ ಅಂಗಳದಲ್ಲಿ ತಮ್ಮ ಇಲಾಖೆಯ ವಾಹನಗಳ ಸ್ನಾನ ನಡೆದಿರುತ್ತದೆ. ಪೈಪು ನೆಲದ ಮೇಲೆ ಹರಿಯುತ್ತಿರುತ್ತದೆ, ತೊಳೆಯುವವನು ಚಹಾ ಕುಡಿಯಲು ನನ್ನ ಮೇಜಿನ ಪಕ್ಕಕ್ಕೆ ಬಂದಿರುತ್ತಾನೆ. ಆ ನೀರು ಗೇಟು ದಾಟಿ ಬಂದು ನನ್ನ ಚಪ್ಪಲಿ ನೆನೆಸುತ್ತದೆ. ನೀರಿಲ್ಲ ಎಂದು ಅರ್ಜಿ ಬರೆಸಲು ಬಂದವರು ಆ ನೀರಿನಲ್ಲಿಯೇ ಸಾಲಾಗಿ ನಿಂತಿರುತ್ತಾರೆ. ಇದನ್ನು ಕಟ್ಟುಕಥೆ ಎಂದು ಯಾರಾದರೂ ಬರೆದಿದ್ದರೆ ನಾನು ಅತಿಯಾಯಿತು ಎನ್ನುತ್ತಿದ್ದೆ. ದಯವಿಟ್ಟು ಆ ತೊಳೆಯುವವನ ಮೇಲೆ ಕ್ರಮ ಬೇಡ, ಒಳ್ಳೆಯವನು. ಅವನಿಗೂ ಬಕೆಟ್ಟಿನಿಂದ ಹೀರುವ ಒಂದು ಸಣ್ಣ ಯಂತ್ರ ಕೊಡಿಸಿ. ನಮ್ಮದನ್ನಲ್ಲ, ಬೇರೆಯದು.

ಈಗ ನನ್ನ ಬೇಡಿಕೆ. ಆದೇಶದಲ್ಲಿ 'ಯಂತ್ರ' ಎಂಬ ಪದವನ್ನು ಹೊಡೆದುಹಾಕಿ 'ನೀರು' ಎಂದು ಬರೆಯಿರಿ. ಒಂದು ವಾಹನಕ್ಕೆ ಇಂತಿಷ್ಟು ಬಕೆಟ್ ಎಂದು ಗೊತ್ತುಪಡಿಸಿ. ಪೈಪಿನಿಂದಾದರೂ ತೊಳೆಯಲಿ, ಯಂತ್ರದಿಂದಾದರೂ ತೊಳೆಯಲಿ, ಮೀರಿದವರನ್ನು ಹಿಡಿಯಿರಿ. ನಮ್ಮನ್ನೂ ಹಿಡಿಯಿರಿ. ಅಷ್ಟು ದೊಡ್ಡ ಕೆಲಸಕ್ಕೆ ಸಭೆ, ಟಿಪ್ಪಣಿ, ಅನುಮೋದನೆ ಬೇಕು ಎನ್ನುವುದಾದರೆ ಅದೆಲ್ಲ ನಿಧಾನವಾಗಿ ಆಗಲಿ. ಅಲ್ಲಿಯ ತನಕ ಯಂತ್ರವನ್ನು ಮನೆಗೆ ಕಳುಹಿಸಿ. ಅದೂ ಆಗದು ಎಂದರೆ, ಭಾನುವಾರ ಬೆಳಿಗ್ಗೆ ಬಟ್ಟೆ ಹಿಂಡಿಕೊಡಲು ಒಂದು ಬಲಗೈಯನ್ನು ಮಂಜೂರು ಮಾಡಿ.

ಬೇಗ ಮಾಡಿ ಎಂದು ಕೇಳಲು ಒಂದು ಕಾರಣ ಬಾಕಿ ಇದೆ. ಹೊಸದಾಗಿ ಡ್ರೈವಿಂಗ್ ಕಲಿಸಲು ಹೊರಟಿರುವ ಒಬ್ಬ ಹೆಣ್ಣುಮಗಳು, ಎರಡು ಬ್ರೇಕಿನ ಕಾರು ಮಾರಾಟಕ್ಕಿದೆಯಂತೆ ಎಂದು ಫೋನು ಮಾಡಿದ್ದಳು. ಅತ್ತೆ ಯಾರ ಬಳಿಯೋ ಹೇಳಿಬಿಟ್ಟಿದ್ದಾರೆ. ನೋಡಲು ಯಾವಾಗ ಬರಲಿ ಎಂದು ಕೇಳಿದಳು. ನಾನು ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಮಾವನ ಮುಖ ನೋಡಿದೆ. ಅವರು ಕಿಟಕಿಯಾಚೆ, ನೊರೆ ಒಣಗಿದ ಕಾರನ್ನು ನೋಡಿ ತಲೆಯಾಡಿಸಿದರು. "ಈಗ ಬೇಡ. ತೊಳೆದಿಲ್ಲ." ಕೊಳಕು ಕಾರನ್ನು ಬ್ರೇಕ್ ಮೇಷ್ಟ್ರು ಯಾರಿಗೂ ತೋರಿಸುವುದಿಲ್ಲ. ಹೀಗಾಗಿ ಕಾರು ಇವತ್ತಿನ ತನಕ ಉಳಿದಿರುವುದು ತಮ್ಮ ಕೃಪೆಯಿಂದಲೇ. ತಾವು ಯಂತ್ರ ಕೊಟ್ಟರೆ ಕಾರು ತೊಳೆದು ಚೊಕ್ಕಟವಾಗುತ್ತದೆ, ಆ ಹೆಣ್ಣುಮಗಳು ಬರಬಹುದು, ಮಾವ ಬೀಗದಕೈ ಕೊಟ್ಟುಬಿಡಲೂಬಹುದು. ಇದೆಲ್ಲ ಗೊತ್ತಿದ್ದೂ ಯಂತ್ರ ಕೇಳುತ್ತಿದ್ದೇನೆ. ಕೊಡುವುದು, ಬಿಡುವುದು ಅವರಿಗೆ ಸೇರಿದ್ದು. ಆದರೆ ಅವರು ತೊಳೆದು ಕೊಡಲಿ, ಸೋತು ಕೊಡುವುದು ಬೇಡ.

ಯಂತ್ರ ಮನೆಗೆ ಬಂದ ದಿನ ನಾನೇನು ಮಾಡುತ್ತೇನೆಂದು ತಮಗೊಬ್ಬರಿಗೆ ಹೇಳುತ್ತೇನೆ, ಊರೆಲ್ಲ ಓದಿದರೂ ಚಿಂತೆಯಿಲ್ಲ, ಮಾವ ಪತ್ರಿಕೆ ಓದುವುದನ್ನು ಬಿಟ್ಟಿದ್ದಾರೆ. ಸ್ಟೂಲು ಇಡುತ್ತೇನೆ, ಎರಡು ಬಕೆಟ್ ನೀರು ತುಂಬಿಸುತ್ತೇನೆ, ಬಾಗಿಲು ತೆರೆದಿಡುತ್ತೇನೆ. ಕೆಂಪು ಮೂತಿಯನ್ನೇ ಸಿಕ್ಕಿಸಿ, ಆ ಅಕ್ಷರದ ಉಳಿದ ಅರ್ಧದ ಹತ್ತಿರ, ಬೇಕೆಂದೇ ಗೇಣು ದೂರದಲ್ಲಿ ಹಿಡಿಯುತ್ತೇನೆ. ಹಿಡಿದು, ಒತ್ತದೆ, ಹಿಂದಿನಿಂದ ಬೈಗುಳ ಬರುವ ತನಕ ಹಾಗೆಯೇ ಕಾಯುತ್ತೇನೆ.

ಇಂತಿ,
ತಮ್ಮ ಗೇಟಿನ ಎದುರು ಊರವರ ಅರ್ಜಿಗಳನ್ನೆಲ್ಲ ಬರೆದು, ತನ್ನದೊಂದಕ್ಕೆ ಉತ್ತರ ಕಾಣದ,
ಬ್ರೇಕ್ ಮೇಷ್ಟ್ರ ಸೊಸೆ
(ಅರ್ಧ ತೊಳೆದ ಕಾರಿರುವ ಮನೆ)